ಬಿಎಸ್ಸಿ ಓದುವವರಿಗೆ ಇತಿಹಾಸ ದಂಡವೇ? ಸುರಪುರದ ಟೇಲರ್ ಬದುಕು ನೋಡಿ

ವಿಜ್ಞಾನ ಪದವಿ ಓದುವವರು ಐಚ್ಛಿಕವಾಗಿ ಇತಿಹಾಸವನ್ನೋ ಭಾಷೆಯನ್ನೋ ಆರಿಸಿಕೊಂಡರೆ ಒಂದು ಸೆಮಿಸ್ಟರ್ ದಂಡ ಎಂಬ ಮಾತು ಪ್ರವೇಶದ ದಿನಗಳಲ್ಲಿ ಎಲ್ಲೆಡೆ ಕೇಳಿಸುತ್ತದೆ. ಯಾದಗಿರಿ ಕಡೆಯವರು ಇದನ್ನು ನಂಬುವ ಮೊದಲು ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಟ್ಟಿಸಿದವರ ಬಗ್ಗೆ ತಿಳಿದುಕೊಳ್ಳಬೇಕು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 15ನೇ ವಯಸ್ಸಿಗೆ ಮುಂಬೈಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಹಡಗು ಹತ್ತಿದರು. 1824ರಲ್ಲೇ ನಿಜಾಮರ ಸೈನ್ಯ ಸೇರಿದರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಕೆಲಸದ ನಡುವೆಯೇ ಇಲ್ಲಿನ ಭಾಷೆ, ಭೂಮಾಪನ, ಎಂಜಿನಿಯರಿಂಗ್, ಕಾನೂನು, ಭೂವಿಜ್ಞಾನ ಕಲಿತರು. 1839ರಲ್ಲಿ ಠಗ್ಗರ ಕುರಿತು ಕಾದಂಬರಿ ಪ್ರಕಟಿಸಿ ಹೆಸರಾದರು.

ಸುರಪುರದ ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕರಾಗಿದ್ದಾಗ ಸಂಸ್ಥಾನದ ಆಡಳಿತ ಟೇಲರ್ ಕೈಗೆ ಬಂತು. 1853ರವರೆಗೆ ಅದನ್ನು ನಡೆಸಿದರು. (ಅವರು ಕಂಪನಿ ಸರ್ಕಾರದ ಪರವಾಗಿದ್ದರು ಎಂಬುದನ್ನು ಮರೆಯಬಾರದು. ಇದೇ ರಾಜಾ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದರು.)

ಆಗಲೇ ಟೇಲರ್ ಕಣ್ಣಿಗೆ ರಾಜನಕೋಳೂರಿನ ಕಲ್ಲುಚಪ್ಪಡಿಯ ಗೂಡುಗಳು ಬಿದ್ದವು. ನಮ್ಮ ಕಡೆ ಇಂಥವನ್ನು ಮೋರ್ಯರ ಮನೆ ಎನ್ನುತ್ತಾರೆ. ಹಿಂದೆ ಕುಳ್ಳರು ಇವುಗಳಲ್ಲಿ ವಾಸಿಸುತ್ತಿದ್ದರು ಎಂಬ ಕಥೆಯಿದೆ. ಟೇಲರ್ ಅವನ್ನು ಅಳೆದು ಚಿತ್ರ ಬರೆದರು. ಜೇವರ್ಗಿ ಬಳಿ ಕಲ್ಲುಗುಪ್ಪೆಗಳನ್ನು ಅಗೆಸಿ, ಒಳಗಿನ ಪದರಗಳನ್ನೂ ನಕ್ಷೆಯಲ್ಲಿ ತೋರಿಸಿದರು. ಸಿಕ್ಕಿದ್ದು ಮನುಷ್ಯರ ಮೂಳೆ, ಮಡಕೆ. ಅಂದರೆ ಅವು ಮನೆಗಳಲ್ಲ, ಸಮಾಧಿಗಳು. ಹಾಗೆ ಅಗೆಯುವಾಗ ಪದರ ಗಮನಿಸುವವರು ಆ ಕಾಲದಲ್ಲಿ ಅಪರೂಪ. ಭೂಮಾಪನ ಕೈಗೆ ಬಂದಿದ್ದರಿಂದಲೇ ಅದು ಸಾಧ್ಯವಾಯಿತು.

ಆದರೆ ಯುರೋಪಿನ ಕಲ್ಲುಗೋರಿಗಳಂತೆ ಕಾಣುತ್ತವೆಂದು, ಇವನ್ನು ಕಟ್ಟಿದವರು ಅಲ್ಲಿನವರ ಬಂಧುಗಳೇ ಎಂದು ಭಾವಿಸಿದರು. ಇಂದಿನ ಪುರಾತತ್ವ ಅದನ್ನು ಒಪ್ಪುವುದಿಲ್ಲ. ಇವು ದಕ್ಷಿಣ ಭಾರತದ್ದೇ ಆದ ಬೃಹತ್ ಶಿಲಾ ಸಂಸ್ಕೃತಿಯವು, ಹೆಚ್ಚಿನವು ಕಬ್ಬಿಣ ಯುಗದವು. ತೀರ್ಮಾನ ಬಿದ್ದುಹೋಯಿತು, ಅಳತೆಗಳು ಉಳಿದವು. ಟೇಲರ್ 1876ರಲ್ಲಿ ತೀರಿಕೊಂಡರು.

ಒಬ್ಬರ ಬದುಕು ಎಲ್ಲರಿಗೂ ಪುರಾವೆಯಾಗದು, ನಿಜ. ಅಂಕಪಟ್ಟಿಗೆ ಯಾವ ವಿಷಯ ಲಾಭವೆಂದು ಟೇಲರ್ ಹೇಳಲಾರರು. ಆದರೆ ಶಹಾಪುರದ ಪಕ್ಕದ ವಿಭೂತಿಹಳ್ಳಿಗೆ ಹೋಗಿ ನೋಡಿ: ಅವರು ದಾಖಲಿಸಿದ ಬಂಡೆಗಳ ಸಾಲುಗಳು ಇನ್ನೂ ಇವೆ. ಅವು ಸೂರ್ಯನ ಚಲನೆಗೆ ಹೊಂದುತ್ತವೆಯೇ ಎಂಬುದನ್ನು ಪರೀಕ್ಷಿಸಲು ಖಗೋಳವಿಜ್ಞಾನ ಬಲ್ಲವರೂ ಇತಿಹಾಸ ಬಲ್ಲವರೂ ಅಲ್ಲಿಗೆ ಹೋಗಿದ್ದಾರೆ.