‘ಅಲರ್ಜಿ’ಗೆ ಹೆಸರಿಟ್ಟ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ

ಬಿ.ಸಿ.ರೋಡ್: ವೈದ್ಯರ ಚೀಟಿಯ ಮೇಲ್ತುದಿಯಲ್ಲಿ ಬರೆದ ‘ಪೆನಿಸಿಲಿನ್ ಅಲರ್ಜಿ’ ಎಂಬ ಎರಡು ಪದಗಳು ರೋಗಿಯನ್ನು ಜೀವನಪರ್ಯಂತ ಹಿಂಬಾಲಿಸುತ್ತವೆ. ಬಾಲ್ಯದಲ್ಲೆಂದೋ ಔಷಧ ಪಡೆದಾಗ ಮೈಮೇಲೆ ದದ್ದು ಎದ್ದಿತ್ತೆಂಬ ತಾಯಿಯ ನೆನಪೇ ಎಷ್ಟೋ ವೇಳೆ ಅದಕ್ಕಿರುವ ಏಕೈಕ ಆಧಾರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಮನೆಗಳಲ್ಲೂ ಆಡುಮಾತಾಗಿರುವ ‘ಅಲರ್ಜಿ’ ಪದವನ್ನು ಸೃಷ್ಟಿಸಿದವರು ಆಸ್ಟ್ರಿಯದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ.

1874ರ ಮೇ 12ರಂದು ವಿಯೆನ್ನಾ ಸಮೀಪದ ಹಿರ್ಷ್‌ಸ್ಟೆಟನ್‌ನ ಶ್ರೀಮಂತ ಮನೆತನದಲ್ಲಿ ಪಿರ್ಕೆ ಜನಿಸಿದರು. ಮೊದಲು ಧರ್ಮಶಾಸ್ತ್ರ, ಅನಂತರ ತತ್ತ್ವಶಾಸ್ತ್ರ ಓದಿ, ಕೊನೆಗೆ ವೈದ್ಯಕೀಯದತ್ತ ಹೊರಳಿದ ಅವರು 1900ರಲ್ಲಿ ಗ್ರಾಜ್‌ನಲ್ಲಿ ಪದವಿ ಪಡೆದು, ವಿಯೆನ್ನಾದ ಮಕ್ಕಳ ಆಸ್ಪತ್ರೆಯಲ್ಲಿ ಥಿಯೋಡೋರ್ ಎಷೆರಿಷ್ ಅವರ ಕೈಕೆಳಗೆ ಸೇರಿದರು.

ಅಂದು ಗಂಟಲಮಾರಿ ಪೀಡಿತ ಮಕ್ಕಳಿಗೆ ಕುದುರೆಯ ರಕ್ತದಿಂದ ತಯಾರಿಸಿದ ಸೀರಂ ಚುಚ್ಚಲಾಗುತ್ತಿತ್ತು. ಮೊದಲ ಸಲ ಪಡೆದ ಕೆಲವು ಮಕ್ಕಳಲ್ಲಿ ಹಲವು ದಿನಗಳ ನಂತರ ಜ್ವರ, ದದ್ದು ಕಾಣಿಸಿಕೊಂಡರೆ, ಎರಡನೇ ಸಲ ಪಡೆದವರಲ್ಲಿ ಅದು ಬಹುಬೇಗನೆ, ಹೆಚ್ಚು ತೀವ್ರವಾಗಿ ಕಾಣಿಸುತ್ತಿತ್ತು. ತೊಂದರೆಗೆ ಸೀರಂ ಒಂದೇ ಕಾರಣವಲ್ಲ, ಮೊದಲ ಸಂಪರ್ಕದಿಂದ ಮಾರ್ಪಟ್ಟ ದೇಹದ ಪ್ರತಿಕ್ರಿಯೆಯೇ ಕಾರಣವೆಂದು ಪಿರ್ಕೆ ಅರಿತರು. ಸಹೋದ್ಯೋಗಿ ಬೇಲಾ ಶಿಕ್ ಜೊತೆಗೂಡಿ 1905ರಲ್ಲಿ ಈ ಕುರಿತು ಗ್ರಂಥ ಪ್ರಕಟಿಸಿದರು. 1906ರಲ್ಲಿ, ಬದಲಾದ ಪ್ರತಿಕ್ರಿಯೆ ಎಂಬರ್ಥ ಬರುವಂತೆ ಗ್ರೀಕ್ ಮೂಲದಿಂದ ‘ಅಲರ್ಜಿ’ ಪದವನ್ನು ರೂಪಿಸಿದರು.

ಮರುವರ್ಷ ಅವರು ಮಕ್ಕಳ ತೋಳಿನ ಚರ್ಮವನ್ನು ಲಘುವಾಗಿ ಗೀರಿ, ಟ್ಯುಬರ್‌ಕ್ಯುಲಿನ್ ಲೇಪಿಸಿ, ಅಲ್ಲಿ ಏಳುವ ಕೆಂಪು ಗುರುತಿನಿಂದ ಕ್ಷಯದ ಸೋಂಕನ್ನು ಪತ್ತೆಹಚ್ಚುವ ವಿಧಾನವನ್ನು ಜಾರಿಗೆ ತಂದರು. ನಮ್ಮ ಆಸ್ಪತ್ರೆಗಳಲ್ಲಿ ಪರಿಚಿತವಾದ ಮಾಂಟೂ ಪರೀಕ್ಷೆ ಇದರ ಮುಂದಿನ ರೂಪ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಲ್ಪಕಾಲ ಪ್ರಾಧ್ಯಾಪಕರಾಗಿದ್ದ ಪಿರ್ಕೆ, 1911ರಲ್ಲಿ ಗುರುವಿನ ಸ್ಥಾನ ತುಂಬಲು ವಿಯೆನ್ನಾಕ್ಕೆ ಮರಳಿದರು. ಮೊದಲ ಮಹಾಯುದ್ಧದ ತರುವಾಯ ಹಸಿವಿನಿಂದ ಕಂಗೆಟ್ಟ ಆಸ್ಟ್ರಿಯದ ಲಕ್ಷಾಂತರ ಮಕ್ಕಳಿಗೆ ಅಮೆರಿಕದ ನೆರವಿನಿಂದ ಊಟ ಒದಗಿಸುವ ಕಾರ್ಯವನ್ನು ಮುನ್ನಡೆಸಿದರು. 1928ರಲ್ಲಿ ರಾಷ್ಟ್ರಾಧ್ಯಕ್ಷ ಹುದ್ದೆಗೂ ಅವರ ಹೆಸರು ಕೇಳಿಬಂದಿತ್ತು. ಆದರೆ 1929ರ ಫೆಬ್ರುವರಿ 28ರಂದು ಪತ್ನಿಯೊಂದಿಗೆ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಅವರಿಗೆ 54 ವರ್ಷ. ಅದೇ ವರ್ಷ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕುರಿತ ಲೇಖನ ಪ್ರಕಟಿಸಿದರು. ತಾವಿಟ್ಟ ಹೆಸರು ಆ ಔಷಧಕ್ಕೆ ಅಂಟಿಕೊಳ್ಳುವುದನ್ನು ಪಿರ್ಕೆ ಕಾಣಲಿಲ್ಲ.

ದೇಹದ ಪ್ರತಿಕ್ರಿಯೆ ಬದಲಾಗುತ್ತದೆ ಎಂಬುದೇ ಅವರ ಪದದ ತಿರುಳು. ವಿಪರ್ಯಾಸವೆಂದರೆ, ಇಂದು ಆ ಪದವೇ ಬದಲಾಗದ ಹಣೆಪಟ್ಟಿಯಾಗಿದೆ. ಪೆನಿಸಿಲಿನ್ ಅಲರ್ಜಿ ಇದೆಯೆಂದು ದಾಖಲಾದವರನ್ನು ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಇಲ್ಲವೆಂದು ತಿಳಿದುಬರುತ್ತದೆ. ಕೆಲವರಲ್ಲಿ ವೈರಾಣು ಜ್ವರದ ದದ್ದು ಔಷಧದ ಹೆಸರಿಗೆ ಬಂದಿರುತ್ತದೆ. ನಿಜವಾಗಿ ಅಲರ್ಜಿಯಿದ್ದ ಹೆಚ್ಚಿನವರಲ್ಲೂ ಹತ್ತು ವರ್ಷಗಳಲ್ಲಿ ಅದು ಮಾಯವಾಗುತ್ತದೆ.

ಈ ತಪ್ಪು ಹಣೆಪಟ್ಟಿಯ ಬೆಲೆ ಸಣ್ಣದಲ್ಲ. ರುಮ್ಯಾಟಿಕ್ ಹೃದ್ರೋಗದ ಮಗುವಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಬೇಕಾದ ಪೆನಿಸಿಲಿನ್ ಚುಚ್ಚುಮದ್ದು ತಪ್ಪಬಹುದು. ಉಳಿದವರಿಗೆ ಹೆಚ್ಚು ವ್ಯಾಪಕವಾಗಿ ವರ್ತಿಸುವ ಬದಲಿ ಔಷಧ ಕೊಡಬೇಕಾಗಿ, ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ದಾರಿಯಾಗುತ್ತದೆ.

ರೋಗಿಯ ಹಿಂದಿನ ಅನುಭವವನ್ನು ವಿವರವಾಗಿ ಕೇಳಿ, ಅಗತ್ಯವಿದ್ದರೆ ಚರ್ಮದ ಪರೀಕ್ಷೆ ನಡೆಸಿ, ಬಳಿಕ ನಿಗಾದಲ್ಲಿ ಔಷಧ ಕೊಟ್ಟು ನೋಡುವುದು ಕ್ರಮ. ಅಪಾಯ ಕಡಿಮೆಯಿರುವವರಿಗೆ ನೇರವಾಗಿ ಬಾಯಿಯ ಮೂಲಕ ಕೊಡುವುದೂ ಸುರಕ್ಷಿತವೆಂದು 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿದೆ. ಆದರೆ ಉಸಿರುಗಟ್ಟಿದ, ರಕ್ತದೊತ್ತಡ ಕುಸಿದ ಅಥವಾ ಚರ್ಮ ಸುಲಿದ ಇತಿಹಾಸವಿದ್ದವರ ವಿಷಯ ಬೇರೆ. ಅವರ ಬಗ್ಗೆ ತಜ್ಞರೇ ನಿರ್ಧರಿಸಬೇಕು. ಮನೆಯಲ್ಲಿ ತಾವಾಗಿ ಪರೀಕ್ಷಿಸಿಕೊಳ್ಳುವುದಂತೂ ಯಾರಿಗೂ ಸಲ್ಲದು.

ಚೀಟಿಯ ಮೇಲಿನ ಬರಹವನ್ನು ನಂಬುವ ಮೊದಲು ಮಗುವಿನ ತೋಳನ್ನು ನೋಡಿದ ವೈದ್ಯ ಪಿರ್ಕೆ. ಅವರ ಪದವನ್ನು ನಿತ್ಯ ಬಳಸುವ ನಾವು ಅವರ ಈ ಪದ್ಧತಿಯನ್ನೂ ಉಳಿಸಿಕೊಳ್ಳಬೇಕಾಗಿದೆ.