ಗುರುಗಳಿಲ್ಲದ ಊರಿನಲ್ಲೂ ಆರದ ದೀಪ: ಸಂತ ಜೋಸೆಫ್ ವಾಜ್

ಹಂಪೆಯ ವಿಜಯವಿಠ್ಠಲ ದೇವಾಲಯವನ್ನು ಕಾಣದವರು ನಮ್ಮ ಭಾಗದಲ್ಲಿ ವಿರಳ. ಕಲ್ಲಿನ ರಥ, ನಾದ ಹೊಮ್ಮಿಸುವ ಕಂಬಗಳು, ವಿಶಾಲ ಮಂಟಪಗಳು ಎಲ್ಲವೂ ಅಲ್ಲಿವೆ. ನಿತ್ಯಪೂಜೆ ಮಾತ್ರ ಇಲ್ಲ. ಅಲ್ಲಿಂದ ಅನತಿದೂರದ ವಿರೂಪಾಕ್ಷ ದೇವಾಲಯದಲ್ಲಾದರೋ ಇಂದಿಗೂ ದೀಪ ಬೆಳಗುತ್ತಿದೆ, ತೇರು ಸಾಗುತ್ತಿದೆ. ಒಂದರ ಸುತ್ತ ಜನಸಮುದಾಯ ಉಳಿಯಿತು, ಇನ್ನೊಂದರ ಸುತ್ತ ಉಳಿಯಲಿಲ್ಲ. ತತ್ತ್ವಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಕಲ್ಲು ಗಾರೆಗಳು ದ್ರವ್ಯ. ಒಂದುಗೂಡಿ ಪ್ರಾರ್ಥಿಸುವ ಜನರೇ ಅದಕ್ಕೆ ಜೀವ ತುಂಬುವ ರೂಪ. ಈ ಸತ್ಯವನ್ನು ತಮ್ಮ ಬದುಕಿನಿಂದಲೇ ಬೋಧಿಸಿದ ಮಹಾನುಭಾವರೊಬ್ಬರ ಚರಿತ್ರೆಯನ್ನು ಈ ವಾರ ವಾಚಕರ ಮುಂದಿಡಲು ಬಯಸುತ್ತೇವೆ. ಅವರೇ ಕೆನರಾ ಮತ್ತು ಶ್ರೀಲಂಕೆಯ ಪ್ರೇಷಿತರೆಂದು ಖ್ಯಾತರಾದ ಸಂತ ಜೋಸೆಫ್ ವಾಜ್.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿ ಗ್ರಾಮದಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾವೊ ವಾಜ್, ತಾಯಿ ಮರಿಯಾ ದೆ ಮಿರಾಂಡ. 1676ರಲ್ಲಿ ಗುರುದೀಕ್ಷೆ ಪಡೆದ ಅವರನ್ನು 1681ರಲ್ಲಿ ಕೆನರಾ ಪ್ರಾಂತ್ಯದ ಹೊಣೆ ಹೊರಿಸಿ ಮಂಗಳೂರಿಗೆ ಕಳುಹಿಸಲಾಯಿತು. ಒಂದು ಕಾಲದಲ್ಲಿ ವಿಜಯನಗರದ ಸಾಮಂತರಾಗಿದ್ದ ಕೆಳದಿಯ ಅರಸರು ಆಗ ಕರಾವಳಿಯನ್ನು ಆಳುತ್ತಿದ್ದರು. ಸಿಂಹಾಸನದ ಮೇಲೆ ರಾಣಿ ಚೆನ್ನಮ್ಮಾಜಿ ಇದ್ದರು. ಪೋರ್ಚುಗೀಸರ ಬಲ ಕುಗ್ಗಿತ್ತು. ಕ್ರೈಸ್ತ ಕುಟುಂಬಗಳು ಗುರುಗಳಿಲ್ಲದೆ ಚದುರಿಹೋಗಿದ್ದವು.

ಇದಕ್ಕಿಂತ ದೊಡ್ಡ ನೋವು ಒಳಗಿನದು. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರವನ್ನು ಒಪ್ಪುವವರದು ಒಂದು ಪಂಗಡ. ರೋಮಿನಿಂದ ನೇಮಕಗೊಂಡು ಬಂದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರನ್ನು ಒಪ್ಪುವವರದು ಇನ್ನೊಂದು. ಯಾವ ಗುರುಗಳು ನೀಡಿದ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂಬ ಶಂಕೆಯಿಂದ ಸಾಮಾನ್ಯ ವಿಶ್ವಾಸಿಗಳ ಮನಸ್ಸಾಕ್ಷಿ ಕಲಕಿತ್ತು. ಗೋವೆಯಿಂದಲೇ ಬಂದವರಾದರೂ ವಾಜರು ಈ ವ್ಯಾಜ್ಯಕ್ಕೆ ಎಣ್ಣೆ ಸುರಿಯಲಿಲ್ಲ. ಬಿಷಪರನ್ನು ಗೌರವದಿಂದ ಕಂಡು, ಅವರೊಡನೆ ಸೌಹಾರ್ದದಿಂದ ನಡೆದುಕೊಂಡು, ಜನರ ಮನಸ್ಸಿನ ಅಳುಕನ್ನು ನೀಗಿಸಲು ಶ್ರಮಿಸಿದರು. ಮುರಿದ ಗೋಡೆಗೆ ಮೊದಲು ಮುರಿದ ಮನಸ್ಸುಗಳನ್ನು ಜೋಡಿಸಬೇಕೆಂಬುದು ಅವರ ನಡೆಯಿಂದ ನಮಗೆ ತಿಳಿಯುತ್ತದೆ.

ಅನಂತರ ಬಸ್ರೂರು, ಬಾರಕೂರು, ಕಲ್ಯಾಣಪುರ, ಮೂಲ್ಕಿ ಮೊದಲಾದ ಊರುಗಳಲ್ಲಿ ಅವರು ಸಂಚರಿಸಿದರು. ಪಾಳುಬಿದ್ದ ಪ್ರಾರ್ಥನಾಲಯಗಳನ್ನು ಜೀರ್ಣೋದ್ಧಾರ ಮಾಡಿದರು, ಚಿಕ್ಕ ಶಾಲೆಗಳನ್ನು ತೆರೆದರು, ವಿಶ್ವಾಸಿಗಳನ್ನು ಭಕ್ತಿಸಂಘಗಳಾಗಿ ಕೂಡಿಸಿದರು. ಗುರುಗಳು ಮುಂದಿನ ಊರಿಗೆ ಹೋದ ಮೇಲೂ ಪ್ರಾರ್ಥನೆ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಈ ಸಂಘಗಳದ್ದಾಯಿತು. 1684ರಲ್ಲಿ ಗೋವೆಗೆ ಮರಳಿದ ವಾಜರು ಮರುವರ್ಷ ಹಳೆಯ ಗೋವೆಯಲ್ಲಿ, ಸಂತ ಫಿಲಿಪ್ ನೇರಿಯವರ ಮೇಲ್ಪಂಕ್ತಿಯಲ್ಲಿ ಬೆಳೆದ ದೇಶೀಯ ಗುರುಗಳ ಒರಟರಿ ಸಭೆಗೆ ತಳಹದಿ ಹಾಕಿದರು.

ಆದರೆ ಅವರ ಹೃದಯ ಶ್ರೀಲಂಕೆಯತ್ತ ತುಡಿಯುತ್ತಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಹೊರಗಟ್ಟಿದ ಮೇಲೆ ಕಥೋಲಿಕ ಗುರುಗಳಿಗೆ ಆ ನೆಲ ನಿಷಿದ್ಧವಾಗಿತ್ತು. 1686ರಲ್ಲಿ ಗೋವೆಯನ್ನು ಬಿಟ್ಟ ವಾಜರು, ಸೇವಕ ಜುವಾಂವ್‌ನೊಡನೆ ಕೂಲಿಯವನ ವೇಷ ತೊಟ್ಟು 1687ರಲ್ಲಿ ದ್ವೀಪವನ್ನು ಸೇರಿದರು. ಕೊರಳಲ್ಲಿ ಜಪಸರ ಧರಿಸಿ ಜಾಫ್ನಾದ ಬೀದಿಗಳಲ್ಲಿ ಭಿಕ್ಷೆ ಬೇಡಿದರು. ಆ ಜಪಸರವನ್ನು ಗುರುತಿಸಿ ಸ್ವಾಗತಿಸಿದ ಮನೆಗಳಲ್ಲೇ ರಾತ್ರಿ ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. ಸಿಲ್ಲಾಲೈ ಗ್ರಾಮ ಅವರಿಗೆ ಆಶ್ರಯವಾಯಿತು. 1692ರಲ್ಲಿ ಕ್ಯಾಂಡಿ ನಗರವನ್ನು ಹೊಕ್ಕಾಗ ಪೋರ್ಚುಗೀಸ್ ಗೂಢಚಾರನೆಂಬ ಆಪಾದನೆಯ ಮೇಲೆ ಸೆರೆಯಾದರು. ಸೆರೆಯಲ್ಲಿದ್ದೇ ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಾಗ ಅಲ್ಲೇ ಗುಡಿಸಲೊಂದನ್ನು ಕಟ್ಟಿ ಪ್ರಾರ್ಥನಾಲಯವಾಗಿಸಿದರು. ಕಾಲಕ್ರಮದಲ್ಲಿ ಬೌದ್ಧನಾದ ರಾಜ ಎರಡನೆಯ ವಿಮಲಧರ್ಮಸೂರ್ಯನ ವಿಶ್ವಾಸವನ್ನು ಗಳಿಸಿದರು. 1697ರಲ್ಲಿ ಸಿಡುಬು ಹಬ್ಬಿ ಜನರು ಕ್ಯಾಂಡಿಯನ್ನು ತೊರೆದು ಓಡಿದಾಗ, ವಾಜರು ತಮ್ಮ ಸಹಗುರುಗಳೊಡನೆ ಅಲ್ಲಿಯೇ ನಿಂತು, ಜಾತಿಮತ ಕೇಳದೆ ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು.

ನೆರವಿಗೆ ಬೇರೆ ಗುರುಗಳು ಬರುವವರೆಗೆ ಸುಮಾರು ಒಂಬತ್ತು ವರ್ಷ ಅವರು ಆ ಕಾರ್ಯದಲ್ಲಿ ಏಕಾಂಗಿ. ಒಬ್ಬ ಗುರು ಇಡೀ ದ್ವೀಪವನ್ನು ಕಾಯುವುದೆಂತು? ಕೆನರಾದಲ್ಲಿ ಬಿತ್ತಿದ ಬೀಜವೇ ಇಲ್ಲಿ ಮರವಾಯಿತು. ಕ್ರೈಸ್ತರಿದ್ದ ಊರುಗಳಲ್ಲಿ ಮೂಪ್ಪು ಎಂಬ ಹಿರಿಯನನ್ನೂ ಅಣ್ಣಾವಿ ಎಂಬ ಉಪದೇಶಿಯನ್ನೂ ಅವರು ನೇಮಿಸಿದರು. ಭಾನುವಾರದ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಸಾಯುವವರ ಬಳಿ ಕುಳಿತು ಪ್ರಾರ್ಥಿಸುವುದು ಇಂತಹ ಗೃಹಸ್ಥರ ಕೆಲಸ. ಗುರುಗಳು ವರ್ಷಕ್ಕೊಮ್ಮೆ ಬಂದಾಗ ಸಂಸ್ಕಾರಗಳಿಗೆ ಸಿದ್ಧವಾದ ಸಮುದಾಯವೇ ಎದುರುಗೊಳ್ಳುತ್ತಿತ್ತು. ಬಿಷಪ್ ಪದವಿಯ ಸೂಚನೆ ಬಂದಾಗ ವಾಜರು ಅದನ್ನು ವಿನಯದಿಂದ ನಿರಾಕರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೇವರ ಪಾದ ಸೇರುವ ವೇಳೆಗೆ ದ್ವೀಪದ ಕಥೋಲಿಕರ ಸಂಖ್ಯೆ ಸುಮಾರು 70,000ದಷ್ಟಿತ್ತೆಂದು ಅವರ ಚರಿತ್ರಕಾರರು ಬರೆಯುತ್ತಾರೆ. 1995ರಲ್ಲಿ ಎರಡನೆಯ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಫ್ರಾನ್ಸಿಸರು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಮಂಗಳೂರಿನ ಬಳಿಯ ಮುಡಿಪು ಬೆಟ್ಟದ ಪುಣ್ಯಕ್ಷೇತ್ರ ನಮ್ಮ ನಾಡಿನಲ್ಲಿ ಅವರ ಸ್ಮರಣೆಯನ್ನು ಹಸಿರಾಗಿರಿಸಿದೆ.

ಈ ಚರಿತ್ರೆ ನಮಗೇಕೆ? ಹೊಸಪೇಟೆ, ಸಂಡೂರು, ಕಂಪ್ಲಿಗಳ ನಮ್ಮ ಕುಟುಂಬಗಳು ಅಲ್ಲೊಂದು ಇಲ್ಲೊಂದು ಚದುರಿವೆ. ಅಣೆಕಟ್ಟು, ಗಣಿ, ಕಾರ್ಖಾನೆ, ಶಾಲೆ, ಆಸ್ಪತ್ರೆಗಳ ಕೆಲಸಕ್ಕೆಂದು ಬಂದವರ ಮನೆಮಾತು ಕೆಲವೆಡೆ ಕನ್ನಡ, ಕೆಲವೆಡೆ ತೆಲುಗು, ತಮಿಳು, ಮಲಯಾಳ, ಕೊಂಕಣಿ. ನಮ್ಮ ಬಡಾವಣೆಯಲ್ಲಿ ದೇವಾಲಯ ಎದ್ದ ಮೇಲೆ ಕೂಡೋಣ, ನಮ್ಮ ಭಾಷೆಯ ಪೂಜೆ ಇದ್ದರೆ ಬರೋಣ ಎನ್ನುವವರು ನಮ್ಮಲ್ಲಿ ಇಲ್ಲದಿಲ್ಲ. ಹಾಗೆ ಕಾಯುತ್ತ ಕುಳಿತ ಮನೆಯ ಮಕ್ಕಳು ಶಿಲುಬೆಯ ಗುರುತನ್ನೂ ಕಲಿಯದೆ ಬೆಳೆದುಬಿಡುತ್ತಾರೆ. ಆ ನಷ್ಟವನ್ನು ಮುಂದೆ ಎಷ್ಟು ಸುಂದರ ಕಟ್ಟಡ ಕಟ್ಟಿದರೂ ತುಂಬಲಾಗದು.

ಆದುದರಿಂದ ನೆರೆಯ ನಾಲ್ಕು ಮನೆಗಳವರು ವಾರಕ್ಕೊಮ್ಮೆ ಒಂದು ಮನೆಯಲ್ಲಿ ಕೂಡಲಿ. ಶುಭಸಂದೇಶದ ಒಂದು ಭಾಗವನ್ನು ಓದಲಿ, ಜಪಸರ ಹೇಳಲಿ, ಕಾಯಿಲೆ ಬಿದ್ದವರನ್ನು, ಕೆಲಸ ಕಳೆದುಕೊಂಡವರನ್ನು, ಅವರು ಯಾವ ಧರ್ಮದವರೇ ಆಗಿರಲಿ, ವಿಚಾರಿಸಿಕೊಳ್ಳಲಿ. ಗುರುಗಳ ದಾರಿ ಕಾಯದೆ ಇದನ್ನು ಆರಂಭಿಸಬಲ್ಲ ತಾಯಂದಿರೂ ಹಿರಿಯರೂ ಪ್ರತಿ ಬಡಾವಣೆಯಲ್ಲೂ ಇದ್ದಾರೆಂಬುದು ನಮ್ಮ ದೃಢ ನಂಬಿಕೆ. ಜನವರಿ 16ರಂದು ಆಚರಿಸುವ ಸಂತ ಜೋಸೆಫ್ ವಾಜರ ಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಕಾಣಿಕೆ ಬೇರಿಲ್ಲ. ಅವರ ಬಿನ್ನಹವು ನಮ್ಮ ಮನೆಗಳನ್ನು ಕಾಯಲಿ.