ಮೈರಾದ ಸಂತ ನಿಕೋಲಾಸರು: ಚರಿತ್ರೆಯೂ ಚಳಿಗಾಲದ ಐತಿಹ್ಯಗಳೂ

ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಹಗಲಿರುಳೂ ಒಂದೇ ಧ್ಯಾನ. ಗೋದಲಿಗೆ ಹುಲ್ಲು ತರಬೇಕು, ನಕ್ಷತ್ರಕ್ಕೆ ಬಿದಿರುಕಡ್ಡಿ ಸೀಳಬೇಕು, ಗಾಯನ ತಂಡದೊಂದಿಗೆ ಮನೆಮನೆಗೆ ಹೋಗಬೇಕು. ಆ ತಂಡದ ಮುಂದೆ ಕೆಂಪು ನಿಲುವಂಗಿ ತೊಟ್ಟು, ಹತ್ತಿಯ ಗಡ್ಡ ಅಂಟಿಸಿಕೊಂಡ ಕ್ರಿಸ್ಮಸ್ ತಾತ ಕುಣಿಯುತ್ತಾ ಬರುತ್ತಾನೆ. ಹಿರಿಯರಾದ ನಾವೂ ನಕ್ಕು, ಅವನ ಕೈಯಿಂದ ಮಿಠಾಯಿ ಪಡೆದು, ಬಾಗಿಲು ಮುಚ್ಚಿಕೊಳ್ಳುತ್ತೇವೆ. ಆದರೆ ಆ ಹತ್ತಿಯ ಗಡ್ಡದ ಹಿಂದೆ ಸುಮಾರು 1,700 ವರ್ಷಗಳ ಹಿಂದೆ ಬಾಳಿದ ಒಬ್ಬ ಧರ್ಮಾಧ್ಯಕ್ಷರ ಮುಖವಿದೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತೇವೆ? ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಆ ಪುಣ್ಯಪುರುಷರ ಬಾಳನ್ನು ವಾಚಕ ಬಾಂಧವರ ಮುಂದಿಡಲು ನಾವು ಬಯಸುತ್ತೇವೆ.

ಸಂತ ನಿಕೋಲಾಸರ ವಿಷಯದಲ್ಲಿ ಚರಿತ್ರೆ ಕಿರಿದು, ಐತಿಹ್ಯ ಹಿರಿದು. ಅವರೇ ಬರೆದ ಒಂದು ಓಲೆಯೂ ನಮಗೆ ಉಳಿದುಬಂದಿಲ್ಲ. ಅವರ ಬಾಳನ್ನು ವಿಸ್ತಾರವಾಗಿ ಹೇಳುವ ಅತಿ ಹಳೆಯ ಗ್ರಂಥವನ್ನು ಮಿಖಾಯೇಲ್ ಎಂಬ ಮಠಾಧಿಪತಿ ಬರೆದದ್ದು 9ನೆಯ ಶತಮಾನದಲ್ಲಿ, ಎಂದರೆ ಸಂತರು ತೀರಿಕೊಂಡು ಸುಮಾರು 500 ವರ್ಷಗಳಾದ ಮೇಲೆ. ಆದಕಾರಣ ಯಾವುದು ನಿಶ್ಚಿತ, ಯಾವುದು ಜನಮನದ ಸೃಷ್ಟಿ ಎಂಬುದನ್ನು ಬೇರೆಬೇರೆಯಾಗಿಯೇ ಹೇಳುವುದು ಒಳ್ಳೆಯದು. ಹಾಗೆ ಹೇಳಿದರೆ ಸಂತರ ಹಿರಿಮೆಗೆ ಕುಂದು ಬಾರದು.

ಇಂದಿನ ತುರ್ಕಿ ದೇಶದ ದಕ್ಷಿಣ ಕರಾವಳಿಗೆ ಆಗ ಲಿಸಿಯಾ ಎಂಬ ಹೆಸರಿತ್ತು. ಅಲ್ಲಿನ ಪಟಾರಾ ಎಂಬ ರೇವುಪಟ್ಟಣದಲ್ಲಿ, 3ನೆಯ ಶತಮಾನದ ಉತ್ತರಾರ್ಧದಲ್ಲಿ, ಸಿರಿವಂತ ಕ್ರೈಸ್ತ ದಂಪತಿಗಳಿಗೆ ನಿಕೋಲಾಸರು ಮಗನಾಗಿ ಜನಿಸಿದರೆಂದು ಸಂಪ್ರದಾಯ ಹೇಳುತ್ತದೆ. ಹಸುಳೆಯಾಗಿದ್ದಾಗಲೇ ಬುಧವಾರ ಮತ್ತು ಶುಕ್ರವಾರಗಳಂದು ಒಂದೇ ಹೊತ್ತು ಮೊಲೆಹಾಲುಂಡು ಉಪವಾಸವ್ರತ ಪಾಲಿಸಿದರೆಂಬ ಕಥೆಯೂ ಇದೆ. ಅದೇ ನಾಡಿನಲ್ಲಿ 6ನೆಯ ಶತಮಾನದಲ್ಲಿ ಸಿಯೋನ್ ಮಠದ ನಿಕೋಲಾಸ್ ಎಂಬ ಇನ್ನೊಬ್ಬ ಸಂತರಿದ್ದರು. ಹೆಸರು ಒಂದೇ ಆದುದರಿಂದ ಅವರ ತಂದೆತಾಯಿಯರ ಹೆಸರೂ ಕೆಲವು ಪ್ರಸಂಗಗಳೂ ನಮ್ಮ ಸಂತರ ಚರಿತ್ರೆಯೊಳಗೆ ಸೇರಿಹೋದವು.

ತಂದೆತಾಯಿಯರು ಕಾಲವಾದಾಗ ಅಪಾರ ಸಂಪತ್ತು ಯುವಕ ನಿಕೋಲಾಸರ ಪಾಲಿಗೆ ಬಂದಿತು. ಅವರ ನೆರೆಯಲ್ಲಿ ಒಬ್ಬ ಗೃಹಸ್ಥನಿದ್ದನು. ಒಮ್ಮೆ ಉಳ್ಳವನಾಗಿದ್ದು ದಾರಿದ್ರ್ಯಕ್ಕೆ ಇಳಿದವನು. ಮದುವೆಯ ವಯಸ್ಸಿನ ಮೂವರು ಹೆಣ್ಣುಮಕ್ಕಳು ಮನೆಯಲ್ಲಿದ್ದರು. ವಧುವಿನೊಡನೆ ಧನ ಕೊಡದೆ ಮದುವೆ ಕೂಡದ ಕಾಲ ಅದು. ಹಸಿವು ಮನುಷ್ಯನ ಬುದ್ಧಿಯನ್ನು ಎಲ್ಲಿಯವರೆಗೆ ಕೆಡಿಸುತ್ತದೆಂದರೆ, ಆ ತಂದೆ ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಾಪದ ಬೀದಿಗೆ ಕಳುಹಿಸಲು ನಿರ್ಧರಿಸಿದನು. ಸುದ್ದಿ ನಿಕೋಲಾಸರ ಕಿವಿಗೆ ಬಿದ್ದಿತು. ಆ ರಾತ್ರಿ ಅವರು ಸದ್ದಿಲ್ಲದೆ ಹೋಗಿ, ಚಿನ್ನದ ಗಂಟೊಂದನ್ನು ಕಿಟಕಿಯ ಮೂಲಕ ಒಳಗೆಸೆದು ಬಂದರು. ಹಿರಿಯವಳ ಮದುವೆಯಾಯಿತು. ಇನ್ನೊಂದು ರಾತ್ರಿ ಎರಡನೆಯ ಗಂಟು ಬಂದಿತು, ಎರಡನೆಯವಳಿಗೂ ಬಾಳು ದೊರೆಯಿತು. ಮೂರನೆಯ ಸಲ ತಂದೆ ನಿದ್ದೆಗೆಟ್ಟು ಕಾದು ಕುಳಿತನು. ಗಂಟು ಬಿದ್ದ ಸದ್ದಾದೊಡನೆ ಓಡಿಹೋಗಿ, ಕೊಟ್ಟವರನ್ನು ಕತ್ತಲಲ್ಲಿಯೇ ಹಿಡಿದು, ಕಾಲಿಗೆರಗಿ ಕಣ್ಣೀರಿಟ್ಟನು. ನಿಕೋಲಾಸರು ಅವನಿಂದ ಒಂದೇ ಒಂದು ಮಾತನ್ನು ಪಡೆದರು. ತಾವು ಬದುಕಿರುವವರೆಗೂ ಇದನ್ನು ಯಾರಿಗೂ ಹೇಳಕೂಡದೆಂಬುದೇ ಆ ಮಾತು.

ಮುಂದೆ ಆ ಸೀಮೆಯ ಮೈರಾ ಪಟ್ಟಣದಲ್ಲಿ ಧರ್ಮಾಧ್ಯಕ್ಷರ ಪೀಠ ತೆರವಾಯಿತು. ಬೆಳಗಿನ ಜಾವ ದೇವಾಲಯಕ್ಕೆ ಮೊದಲು ಕಾಲಿಡುವ ನಿಕೋಲಾಸ್ ಎಂಬವನನ್ನು ಆರಿಸಬೇಕೆಂದು ಹಿರಿಯ ಧರ್ಮಾಧ್ಯಕ್ಷರೊಬ್ಬರಿಗೆ ದೈವಪ್ರೇರಣೆಯಾಯಿತಂತೆ. ಪ್ರಾರ್ಥನೆಗೆಂದು ಬಂದ ನಿಕೋಲಾಸರು ಹೀಗೆ ಪೀಠವನ್ನೇರಿದರು. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಆರಂಭಿಸಿದ ಘೋರ ಹಿಂಸೆಯ ಕಾಲದಲ್ಲಿ ಅವರು ಸೆರೆಮನೆ ಕಂಡರೆಂದೂ, ಕಾನ್‌ಸ್ಟಂಟೈನನ ಆಳ್ವಿಕೆಯಲ್ಲಿ ಬಿಡುಗಡೆ ಹೊಂದಿದರೆಂದೂ ಸಂಪ್ರದಾಯ ತಿಳಿಸುತ್ತದೆ. 325ರಲ್ಲಿ ನಡೆದ ನಿಸೇಯ ಮಹಾಸಭೆಯಲ್ಲಿ ಭಾಗವಹಿಸಿದವರ ಕೆಲವು ಪಟ್ಟಿಗಳಲ್ಲಿ ಅವರ ಹೆಸರಿದೆ, ಮತ್ತೆ ಕೆಲವುಗಳಲ್ಲಿ ಇಲ್ಲ. ಅಲ್ಲಿ ಅವರು ಪಾಷಂಡಿ ಆರಿಯುಸನ ಕೆನ್ನೆಗೆ ಹೊಡೆದರೆಂಬ ಪ್ರಸಿದ್ಧ ಕಥೆಯಾದರೋ ಸುಮಾರು ಸಾವಿರ ವರ್ಷಗಳ ತರುವಾಯ ಹುಟ್ಟಿಕೊಂಡದ್ದು.

ಅವರನ್ನು ಕುರಿತ ಐತಿಹ್ಯಗಳಲ್ಲೆಲ್ಲ ಹಳೆಯದು ನ್ಯಾಯಕ್ಕೆ ಸಂಬಂಧಿಸಿದ್ದು. ಲಂಚ ತಿಂದ ಅಧಿಕಾರಿಯೊಬ್ಬನು ಮೈರಾದ ಮೂವರು ನಿರಪರಾಧಿಗಳಿಗೆ ಮರಣದಂಡನೆ ವಿಧಿಸಿದನು. ಕೊರಳು ಚಾಚಿ ಕುಳಿತಿದ್ದ ಅವರ ಮೇಲೆ ಕತ್ತಿ ಇಳಿಯುವಷ್ಟರಲ್ಲಿ ನಿಕೋಲಾಸರು ಧಾವಿಸಿ ಬಂದು, ಕೊಲೆಗಾರನ ಕೈಯಿಂದ ಅದನ್ನು ಕಿತ್ತೆಸೆದರು. ಇದನ್ನು ಕಣ್ಣಾರೆ ಕಂಡ ಮೂವರು ಸೇನಾಧಿಕಾರಿಗಳು ರಾಜಧಾನಿಗೆ ಮರಳಿದ ಮೇಲೆ ಸುಳ್ಳು ಆರೋಪಕ್ಕೆ ಸಿಕ್ಕಿ ತಾವೇ ಸೆರೆಯಾದರು. ಸಾವಿನ ಹಿಂದಿನ ರಾತ್ರಿ ಅವರು ಮೈರಾದ ಧರ್ಮಾಧ್ಯಕ್ಷರ ದೇವರನ್ನು ಮೊರೆಯಿಟ್ಟರು. ಅದೇ ರಾತ್ರಿ ಸಂತರು ಚಕ್ರವರ್ತಿಯ ಕನಸಿನಲ್ಲಿ ಕಾಣಿಸಿಕೊಂಡು ಎಚ್ಚರಿಸಿದರು. ಬೆಳಗಾದಾಗ ಸೆರೆಯಾಳುಗಳು ಬಿಡುಗಡೆಯಾದರು.

ಮತ್ತೊಮ್ಮೆ ಲಿಸಿಯಾದಲ್ಲಿ ಕ್ಷಾಮ ತಲೆದೋರಿತು. ರಾಜಧಾನಿಗೆ ಗೋಧಿ ಹೊತ್ತು ಹೊರಟಿದ್ದ ಹಡಗುಗಳು ರೇವಿಗೆ ಬಂದಾಗ, ಪ್ರತಿ ಹಡಗಿನಿಂದಲೂ ನೂರು ಅಳತೆ ಗೋಧಿಯನ್ನು ಹಸಿದವರಿಗಾಗಿ ಇಳಿಸಬೇಕೆಂದು ಸಂತರು ಬೇಡಿದರು. ಕೊರತೆ ಬಿದ್ದರೆ ತಲೆಹೋಗುವುದೆಂದು ನಾವಿಕರು ಅಂಜಿದರೂ ಕೊಟ್ಟರು. ರಾಜಧಾನಿಯಲ್ಲಿ ಅಳೆದು ನೋಡಿದಾಗ ಒಂದು ಹಿಡಿಯೂ ಕಡಿಮೆಯಾಗಿರಲಿಲ್ಲವಂತೆ. ಬಿರುಗಾಳಿಯಲ್ಲಿ ಕೂಗಿದವರಿಗೆ ಕಾಣಿಸಿಕೊಂಡು ಚುಕ್ಕಾಣಿ ಹಿಡಿದರೆಂಬ ಕಥೆಗಳು ರೇವಿನಿಂದ ರೇವಿಗೆ ಹಬ್ಬಿದವು.

ಅಂಜಿಕೆ ಹುಟ್ಟಿಸುವ ಐತಿಹ್ಯವೂ ಇಲ್ಲದಿಲ್ಲ. ಮೈರಾದಲ್ಲಿ ಆರ್ಟಿಮಿಸ್ ದೇವಿಯ ಗುಡಿ ಉರುಳಿದಾಗ ಅಲ್ಲಿದ್ದ ದುರಾತ್ಮವೊಂದು ಸೇಡು ತೀರಿಸಿಕೊಳ್ಳಲು ಹೊಂಚುಹಾಕಿತು. ಸಂತರ ಸಮಾಧಿಗೆ ಹಡಗೇರಿ ಹೊರಟಿದ್ದ ಯಾತ್ರಿಕರ ಬಳಿಗೆ ಮುದುಕಿಯ ವೇಷದಲ್ಲಿ ಬಂದು, ಸಮಾಧಿಯ ದೀಪಕ್ಕೆಂದು ಎಣ್ಣೆಯ ಪಾತ್ರೆಯನ್ನು ಕೊಟ್ಟಿತು. ನಡುಗಡಲಲ್ಲಿ ಸಂತರು ದರ್ಶನವಿತ್ತು ಅದನ್ನು ನೀರಿಗೆಸೆಯುವಂತೆ ಆಜ್ಞಾಪಿಸಿದರು. ಎಸೆದೊಡನೆ ಕಡಲೇ ಹೊತ್ತಿ ಉರಿಯಿತೆಂದು ಕಥೆ.

ಸುಮಾರು 343ರ ಡಿಸೆಂಬರ್ 6ರಂದು ಸಂತರು ಪ್ರಭುವಿನಲ್ಲಿ ನಿದ್ರೆಹೋದರು. 6ನೆಯ ಶತಮಾನದ ವೇಳೆಗೆ ಚಕ್ರವರ್ತಿ ಜಸ್ಟಿನಿಯನ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವರ ಹೆಸರಿನ ದೇವಾಲಯವನ್ನು ಕಟ್ಟಿಸಿದ್ದನು. 1087ರಲ್ಲಿ ಇಟಲಿಯ ಬಾರಿ ಪಟ್ಟಣದ ನಾವಿಕರು ಮೈರಾಕ್ಕೆ ಬಂದು, ಸಮಾಧಿಯನ್ನು ಒಡೆದು, ಅವಶೇಷಗಳನ್ನು ಹೊತ್ತೊಯ್ದರು. ತುರ್ಕರ ಕೈಯಿಂದ ಕಾಪಾಡಿದೆವೆಂದು ಬಾರಿಯವರು ಹೇಳಿಕೊಂಡರು, ಕದ್ದೊಯ್ದರೆಂದು ಗ್ರೀಕರು ಮರುಗಿದರು. ಮೇ 9ರಂದು ಆ ಅವಶೇಷಗಳು ಬಾರಿಯನ್ನು ತಲುಪಿದವು. 1089ರಲ್ಲಿ ಜಗದ್ಗುರು ಎರಡನೆಯ ಅರ್ಬನರು ಅಲ್ಲಿಯ ನೆಲಮಾಳಿಗೆಯ ದೇವಾಲಯವನ್ನು ಪವಿತ್ರೀಕರಿಸಿದರು.

ಬೆಚ್ಚನೆಯ ಕಡಲತೀರದ ಈ ಸಂತರಿಗೆ ಹಿಮದೊಂದಿಗೆ ನಂಟು ಬೆಳೆದದ್ದು ಅವರ ಹಬ್ಬದ ದಿನದಿಂದ. ಉತ್ತರ ಯೂರೋಪಿನಲ್ಲಿ ಡಿಸೆಂಬರ್ 6 ಎಂದರೆ ಚಳಿ ಹೆಪ್ಪುಗಟ್ಟುವ ಕಾಲ. ನಾಲ್ಕು ಗಂಟೆಗೇ ಕತ್ತಲು, ಹೊಲದಲ್ಲಿ ಕೆಲಸವಿಲ್ಲ, ಕೊಟ್ಟಿಗೆಯ ದನಗಳೂ ಮನೆಯ ಮಂದಿಯೂ ಒಂದೇ ಬೆಂಕಿಯ ಆಸರೆಯಲ್ಲಿ. ಅಂಥ ಇರುಳುಗಳಲ್ಲಿ ಗಾಳಿ ಊಳಿಟ್ಟರೆ ಸತ್ತವರ ದಂಡು ಆಕಾಶದಲ್ಲಿ ಸಾಗುತ್ತಿದೆಯೆಂದು ಜನ ನಂಬಿದರು. ಕ್ರಿಸ್ತಜಯಂತಿಯಿಂದ ಮೂರು ರಾಯರ ಹಬ್ಬದವರೆಗಿನ ಹನ್ನೆರಡು ರಾತ್ರಿಗಳಲ್ಲಿ ಪ್ರೇತಗಳಿಗೆ ಬಿಡುವೆಂದು ಆಲ್ಪ್ಸ್ ಸೀಮೆಯ ರೈತರು ಮನೆ ಮತ್ತು ಕೊಟ್ಟಿಗೆಗಳಿಗೆ ಧೂಪ ಹಾಕಿ, ತೀರ್ಥ ಚಿಮುಕಿಸಿ, ಜಪ ಮಾಡುತ್ತಾ ಸುತ್ತುತ್ತಿದ್ದರು. ಈ ಪದ್ಧತಿ ಅಲ್ಲಿ ಇನ್ನೂ ಅಳಿದಿಲ್ಲ.

ಆ ಕತ್ತಲಿನ ನಡುವೆ, ಹಬ್ಬದ ಮುನ್ನಾದಿನದ ರಾತ್ರಿ, ಸಂತ ನಿಕೋಲಾಸರು ಮನೆಬಾಗಿಲಿಗೆ ಬರುತ್ತಾರೆಂಬ ನಂಬಿಕೆ ಬೇರೂರಿತು. ಧರ್ಮಾಧ್ಯಕ್ಷರ ಮುಕುಟ ಧರಿಸಿ, ದಂಡ ಹಿಡಿದು ಬಂದವರು ಮಕ್ಕಳಿಗೆ ಜಪಗಳನ್ನು ಒಪ್ಪಿಸಲು ಹೇಳಿ, ಸೇಬು ಮತ್ತು ಬಾದಾಮಿಗಳನ್ನು ಕೊಡುವರು. ಹಾಲೆಂಡಿನ ಮಕ್ಕಳು ಅವರ ಕುದುರೆಗಾಗಿ ಬೂಟಿನಲ್ಲಿ ಹುಲ್ಲು, ಗಜ್ಜರಿ ತುಂಬಿಡುವರು. ಆದರೆ ಸಂತರು ಒಂಟಿಯಾಗಿ ಬರುವುದಿಲ್ಲ. ಆಸ್ಟ್ರಿಯಾ ಮತ್ತು ಬವೇರಿಯಾಗಳಲ್ಲಿ ಅವರ ಹಿಂದೆ ಕ್ರಾಂಪುಸ್ ಬರುತ್ತಾನೆ. ಕೋಡು, ರೋಮಮಯ ದೇಹ, ಜೋಲುವ ನಾಲಗೆ, ಸರಪಣಿ, ಕೈಯಲ್ಲಿ ಬರ್ಚ್ ಮರದ ಬರಲು. ತಂಟೆಯ ಮಕ್ಕಳನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತೊಯ್ಯುವನೆಂಬ ಬೆದರಿಕೆ. ಬೊಹೀಮಿಯಾದಲ್ಲಿ ಸಂತರೊಡನೆ ದೇವದೂತನೊಬ್ಬ, ಸೈತಾನನೊಬ್ಬ ಜೊತೆಯಾಗಿ ಬರುತ್ತಾರೆ.

ಫ್ರಾನ್ಸಿನ ಲೊರೇನ್ ಪ್ರಾಂತ್ಯದ ಕಥೆ ಇನ್ನೂ ಭೀಕರ. ದಾರಿತಪ್ಪಿದ ಮೂವರು ಮಕ್ಕಳಿಗೆ ಆಶ್ರಯ ಕೊಟ್ಟಂತೆ ನಟಿಸಿದ ಕಟುಕನೊಬ್ಬ ಅವರನ್ನು ಕೊಂದು ಉಪ್ಪಿನ ತೊಟ್ಟಿಯಲ್ಲಿ ಮುಚ್ಚಿಟ್ಟನು. ಏಳು ವರ್ಷಗಳ ಮೇಲೆ ಆ ಮನೆಗೆ ಬಂದ ಸಂತರು ತೊಟ್ಟಿಯ ಮೇಲೆ ಕೈಚಾಚಲು, ಮಕ್ಕಳು ನಿದ್ದೆಯಿಂದೆಂಬಂತೆ ಎದ್ದು ಕುಳಿತರು. ಆ ಕಟುಕನೇ ಮುಂದೆ ಸಂತರ ಹಿಂದೆ ಬರಲು ಹಿಡಿದು ನಡೆಯುವ ಸೇವಕನಾದನೆಂದು ಅಲ್ಲಿಯ ಜನರ ನಂಬಿಕೆ. ಗೋಪುರದ ಸೆರೆಯಲ್ಲಿದ್ದ ಮೂವರು ಅಧಿಕಾರಿಗಳ ಹಳೆಯ ಚಿತ್ರವನ್ನು ಕಂಡವರು ಗೋಪುರವನ್ನು ತೊಟ್ಟಿಯೆಂದೂ ಅಧಿಕಾರಿಗಳನ್ನು ಮಕ್ಕಳೆಂದೂ ತಪ್ಪಾಗಿ ತಿಳಿದುದರಿಂದ ಈ ಕಥೆ ಹುಟ್ಟಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ.

ಈ ಭೂತರೂಪಗಳನ್ನು ಕುರಿತು ನಾವು ಏನೆಂದುಕೊಳ್ಳಬೇಕು? ಮಕ್ಕಳನ್ನು ಹೆದರಿಸಿ ಜಪ ಹೇಳಿಸುವುದು ಸಂತರ ಮಾರ್ಗವಲ್ಲ. ಆದರೂ ಆ ಮೆರವಣಿಗೆಯಲ್ಲಿ ಸೈತಾನನ ಮೈಮೇಲೆ ಸರಪಣಿಯಿದೆ, ಅವನು ಸಂತರ ಹಿಂದೆ ನಡೆಯುತ್ತಾನೆಯೇ ಹೊರತು ಮುಂದೆ ಅಲ್ಲ ಎಂಬುದನ್ನು ಗಮನಿಸಬೇಕು. ವರ್ಷದ ಅತ್ಯಂತ ಕತ್ತಲೆಯ ದಿನಗಳಲ್ಲಿ ಬಾಗಿಲು ಬಡಿಯುವವನು ಪ್ರೇತವಲ್ಲ, ಕೊಡಲು ಬಂದವನು ಎಂಬ ಧೈರ್ಯವನ್ನು ಬಡಜನರು ಈ ಕಥೆಗಳಿಂದ ಪಡೆದರು.

16ನೆಯ ಶತಮಾನದಲ್ಲಿ ಪ್ರಾಟೆಸ್ಟೆಂಟ್ ನಾಡುಗಳಲ್ಲಿ ಸಂತರ ಹಬ್ಬಗಳು ನಿಂತಾಗ, ಜರ್ಮನಿಯ ಅನೇಕ ಕಡೆ ಕಾಣಿಕೆ ಕೊಡುವ ಕೆಲಸ ಬಾಲಯೇಸುವಿನ ಹೆಸರಿಗೆ, ಕ್ರಿಸ್ತಜಯಂತಿಯ ರಾತ್ರಿಗೆ ವರ್ಗವಾಯಿತು. ಡಚ್ಚರ ಸಿಂಟರ್‌ಕ್ಲಾಸ್ ಎಂಬ ಹೆಸರು ಅಮೆರಿಕದಲ್ಲಿ ಸಾಂತಾ ಕ್ಲಾಸ್ ಆಯಿತು. 1823ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಪದ್ಯವೊಂದು ಅವನಿಗೆ ಎಂಟು ಹಿಮಸಾರಂಗಗಳ ಬಂಡಿಯನ್ನು ಕೊಟ್ಟಿತು. 1863ರಿಂದ ಥಾಮಸ್ ನ್ಯಾಸ್ಟ್ ಎಂಬ ಚಿತ್ರಕಾರ ಅವನಿಗೆ ಡೊಳ್ಳುಹೊಟ್ಟೆಯ ರೂಪವನ್ನು ಬರೆದನು. 1931ರಿಂದ ಪಾನೀಯದ ಜಾಹೀರಾತುಗಳು ಅವನನ್ನು ಲೋಕಕ್ಕೆಲ್ಲ ಪರಿಚಯಿಸಿದವು. ಮುಕುಟ ಟೊಪ್ಪಿಗೆಯಾಯಿತು, ಧರ್ಮಾಧ್ಯಕ್ಷರ ದಂಡ ಮರೆಯಾಯಿತು.

1969ರಲ್ಲಿ ಧರ್ಮಸಭೆಯ ಪಂಚಾಂಗ ಪರಿಷ್ಕರಣೆಗೊಂಡಾಗ ಸಂತ ನಿಕೋಲಾಸರನ್ನು ಪಟ್ಟಿಯಿಂದ ತೆಗೆದುಹಾಕಲಾಯಿತೆಂಬ ತಪ್ಪು ಸುದ್ದಿ ಹಬ್ಬಿತು. ಅವರ ಸ್ಮರಣೆಯನ್ನು ಐಚ್ಛಿಕವಾಗಿಸಿದರೇ ಹೊರತು ಕೈಬಿಡಲಿಲ್ಲ. ಡಿಸೆಂಬರ್ 6 ಇಂದಿಗೂ ಅವರದೇ. 1950ರ ದಶಕದಲ್ಲಿ ಬಾರಿಯ ಸಮಾಧಿಯನ್ನು ತೆರೆದು ಅಸ್ಥಿಗಳನ್ನು ಅಳೆದು ನೋಡಲಾಯಿತು. 2017ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಸಂತರದೆಂದು ಪೂಜಿಸಲ್ಪಡುವ ಮೂಳೆಯ ತುಣುಕೊಂದನ್ನು ಪರೀಕ್ಷಿಸಿದಾಗ ಅದು 4ನೆಯ ಶತಮಾನದ್ದೆಂದು ತಿಳಿದುಬಂದಿತು. ಅದೇ ವರ್ಷ ಬಾರಿಯ ಒಂದು ಪಕ್ಕೆಲುಬನ್ನು ರಷ್ಯಕ್ಕೆ ಕೊಂಡೊಯ್ದಾಗ ಲಕ್ಷಾಂತರ ಜನ ಸಾಲುಗಟ್ಟಿ ನಿಂತು ವಂದಿಸಿದರು. ಪೂರ್ವ ಪಶ್ಚಿಮಗಳೆಂದು ಒಡೆದುಹೋದ ಧರ್ಮಸಭೆಗಳು ಇಂದಿಗೂ ಒಟ್ಟಾಗಿ ಪ್ರೀತಿಸುವ ಸಂತರು ಇವರು.

ಕೊನೆಯದಾಗಿ ನಮ್ಮ ಮನೆಯ ಮಾತು. ಆ ಮೂವರು ಹೆಣ್ಣುಮಕ್ಕಳ ಕಥೆ ವರದಕ್ಷಿಣೆಯನ್ನು ಹೊಗಳುವ ಕಥೆಯಲ್ಲ, ಅದರ ಕ್ರೌರ್ಯವನ್ನು ತೋರಿಸುವ ಕಥೆ. ನಮ್ಮ ದೇಶದಲ್ಲಿ 1961ರಲ್ಲಿಯೇ ವರದಕ್ಷಿಣೆ ನಿಷೇಧ ಕಾಯಿದೆ ಬಂದರೂ, ಮಗಳ ಮದುವೆಯ ಚಿಂತೆಯಿಂದ ನಿದ್ದೆಗೆಟ್ಟು ಕುಳಿತ ತಂದೆಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅಂಥ ಮನೆಯ ಕಿಟಕಿ ಯಾವುದೆಂದು ನಮಗೆ ಗೊತ್ತಿದೆಯೇ?

ನೂರು ವರ್ಷಗಳ ನಮ್ಮ ದೇವಾಲಯದಲ್ಲಿ ಪೀಠ, ಗಂಟೆ, ಬೆಂಚುಗಳನ್ನು ಕೊಟ್ಟವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದೇವೆ; ಈ ಸಂಚಿಕೆಯಲ್ಲಿಯೂ ಅಚ್ಚು ಹಾಕಿದ್ದೇವೆ. ಅದು ಕೃತಜ್ಞತೆಯ ಗುರುತು, ತಪ್ಪೇನಲ್ಲ. ಆದರೆ ದಾನವನ್ನು ಗುಟ್ಟಾಗಿ ಮಾಡಬೇಕೆಂದು ಪ್ರಭು ಯೇಸು ಬೆಟ್ಟದ ಮೇಲೆ ಕಲಿಸಿದರು. ಅಡಿಪಾಯಕ್ಕೆ ಕಲ್ಲು ಹೊತ್ತವರು, ಕಾಣಿಕೆ ಡಬ್ಬಿಗೆ ಕೂಲಿಯ ಕಾಸು ಹಾಕಿದವರು, ನೆರೆಮನೆಯ ಒಲೆ ಉರಿಯದ ದಿನ ಅಕ್ಕಿಯನ್ನು ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟ ತಾಯಂದಿರು ಯಾವ ಕಲ್ಲಿನಲ್ಲಿಯೂ ಇಲ್ಲ. ಸಂತ ನಿಕೋಲಾಸರ ನಿಜವಾದ ವಂಶಸ್ಥರು ಅವರೇ. ಮುಂದಿನ ನೂರು ವರ್ಷಗಳಲ್ಲಿ ಆ ವಂಶ ನಮ್ಮ ಧರ್ಮಕೇಂದ್ರದಲ್ಲಿ ಬೆಳೆಯುವಂತೆ ಸಂತ ನಿಕೋಲಾಸರು ನಮಗಾಗಿ ಪ್ರಾರ್ಥಿಸಲಿ.